ಬೀಳುವ ಮುನ್ನ ಹಿಡಿದ ಚೆಂಡು

ಆ ವರ್ಷ ಶಾಲೆ ಶುರುವಾದ ಹೊಸತರಲ್ಲಿ ನಾನು ಖೋಖೋ ಕಂಬ ನೆಡಿಸುತ್ತಾ ನಿಂತಿದ್ದಾಗ ಮುಖ್ಯೋಪಾಧ್ಯಾಯರು ಮೈದಾನದವರೆಗೂ ನಡೆದುಕೊಂಡು ಬಂದರು. ಅವರು ಮೈದಾನಕ್ಕೆ ಇಳಿಯುವುದು ಬಾವುಟ ಏರಿಸುವ ದಿನ ಮಾತ್ರ. ಏನೋ ತಲೆಗೆ ಕಟ್ಟಲು ಬರುತ್ತಿದ್ದಾರೆ ಎಂದು ಆಗಲೇ ಗೊತ್ತಾಯಿತು.

“ಈ ಸಲ ಜಿಲ್ಲಾ ಮಟ್ಟದಲ್ಲಿ ಹುಡುಗೀರ ಟೆನಿಸ್ ಇದೆಯಂತೆ ಮೇಡಂ. ನಮ್ಮ ತಾಲ್ಲೂಕಿಂದ ಎಂಟ್ರಿನೇ ಇಲ್ಲ ಅನ್ನಿಸ್ಕೋಬಾರ್ದು. ಯಾರನ್ನಾದ್ರೂ ಒಬ್ಬಳನ್ನ ತಯಾರು ಮಾಡಿ.”

“ಅಂಗಳ ಎಲ್ಲಿದೆ ಸಾರ್?”

“ಇಷ್ಟು ಜಾಗ ಬಿದ್ದಿದೆಯಲ್ಲ,” ಎಂದು ಕೈಬೀಸಿ ತೋರಿಸಿ ಹೊರಟೇಬಿಟ್ಟರು.

ಚನ್ನಪಟ್ಟಣದ ಒಂದು ಪ್ರೌಢಶಾಲೆಯಲ್ಲಿ ನಾನು ದೈಹಿಕ ಶಿಕ್ಷಕಿ. ನನ್ನ ಆಟ ಕಬಡ್ಡಿ. ಟೆನಿಸ್ ಬಗ್ಗೆ ಗೊತ್ತಿದ್ದದ್ದು ಕಾಲೇಜಿನಲ್ಲಿ ಪರೀಕ್ಷೆಗೆಂದು ಅಂಗಳದ ಚಿತ್ರ ಬರೆದು ಅಳತೆ ತುಂಬಿಸಿದ್ದು ಅಷ್ಟೆ. ಆ ಚಿತ್ರವನ್ನೇ ನೆನಪಿಗೆ ತಂದುಕೊಂಡು, ನಿಯಮಗಳನ್ನು ಫೋನಿನಲ್ಲಿ ಓದಿಕೊಂಡು ಕೆಲಸಕ್ಕೆ ಇಳಿದೆ. ಉದ್ದ ಎಪ್ಪತ್ತೆಂಟು ಅಡಿ, ಒಬ್ಬರಿಗೊಬ್ಬರು ಆಡುವಾಗ ಅಗಲ ಇಪ್ಪತ್ತೇಳು. ನೆಟ್ಟಿನಿಂದ ಇಪ್ಪತ್ತೊಂದು ಅಡಿ ದೂರಕ್ಕೆ ಸರ್ವಿಸ್ ಗೆರೆ, ಅದರ ಮಧ್ಯಕ್ಕೊಂದು ಗೆರೆ ಎಳೆದರೆ ಎರಡು ಮನೆ. ಸುಣ್ಣದ ಪುಡಿ ಸುರಿದು ಗೆರೆ ಎಳೆದೆವು. ಹಳೆಯ ವಾಲಿಬಾಲ್ ನೆಟ್ಟನ್ನು ನೆಲಕ್ಕೆ ತಾಕುವಷ್ಟು ಇಳಿಸಿ ಕಟ್ಟಿದರೆ ಅದರ ಕಣ್ಣುಗಳಲ್ಲಿ ಚೆಂಡು ಸಲೀಸಾಗಿ ತೂರಿಹೋಗುತ್ತಿತ್ತು. ರೇಷ್ಮೆ ಹುಳದ ಮನೆಗೆ ಊಜಿ ನೊಣ ಬಾರದಂತೆ ಕಿಟಕಿಗೆ ಹೊಡೆಯುವ ನೈಲಾನ್ ಬಲೆಯನ್ನು ಒಬ್ಬಳು ಮನೆಯಿಂದ ತಂದುಕೊಟ್ಟಳು. ಅದನ್ನು ನೆಟ್ಟಿಗೆ ಹೊಲಿದ ಮೇಲೆ ನಮ್ಮ ಅಂಗಳಕ್ಕೆ ಒಂದು ರೂಪ ಬಂತು.

ಆಡಲು ಬಂದ ಹುಡುಗಿಯರೆಲ್ಲ ನನ್ನ ಕಬಡ್ಡಿ ತಂಡದವರೇ. ಅವರಲ್ಲಿ ಹತ್ತನೇ ತರಗತಿಯ ಒಬ್ಬಳ ಕೈ ಮೊದಲ ದಿನವೇ ಬೇರೆಯಾಗಿ ಕಂಡಿತು. ಉಳಿದವರು ಚೆಂಡನ್ನು ಬಡಿಯುತ್ತಿದ್ದರು, ಇವಳು ಕಾಯ್ದು ಹೊಡೆಯುತ್ತಿದ್ದಳು. ಅವಳ ಅಪ್ಪ ಬೊಂಬೆ ಕಾರ್ಖಾನೆಯಲ್ಲಿ ಲೇಥ್ ಕೆಲಸದವರು. ಮುಂದೆ ಹೇಳುವುದೆಲ್ಲ ಈ ಹುಡುಗಿಯ ವಿಷಯವೇ.

ಅಂಕದ ಲೆಕ್ಕ ಕಲಿಸುವ ಹೊತ್ತಿಗೆ ನನ್ನ ಗಂಟಲು ಒಣಗಿತು. ಮೊದಲ ಪಾಯಿಂಟಿಗೆ ಹದಿನೈದು, ಎರಡನೆಯದಕ್ಕೆ ಮೂವತ್ತು, ಮೂರನೆಯದಕ್ಕೆ ನಲವತ್ತು ಎಂದಾಗ ಅವಳೇ ಕೈ ಎತ್ತಿದಳು.

“ನಲವತ್ತೈದಲ್ವಾ ಮಿಸ್ ಬರಬೇಕಾದ್ದು? ಮಿಕ್ಕಿದ್ ಐದು ಯಾರು ತಿಂದ್ರು?”

“ನಾನಂತೂ ತಿಂದಿಲ್ಲ. ಬಾಯಿ ಮುಚ್ಚಿಕೊಂಡು ನಲವತ್ತು ಅನ್ನು.”

ನಾಲ್ಕನೇ ಪಾಯಿಂಟ್ ಗೆದ್ದರೆ ಒಂದು ಗೇಮ್. ಇಬ್ಬರೂ ನಲವತ್ತಕ್ಕೆ ಬಂದು ನಿಂತರೆ ಡ್ಯೂಸ್, ಅಲ್ಲಿಂದ ಮುಂದೆ ಒಂದಾದ ಮೇಲೊಂದು ಎರಡು ಪಾಯಿಂಟ್ ಗೆಲ್ಲಬೇಕು. ಆರು ಗೇಮ್ ಗೆದ್ದು ಎರಡು ಗೇಮಿನಷ್ಟು ಮುಂದಿದ್ದರೆ ಒಂದು ಸೆಟ್. ಆರಕ್ಕೆ ಆರು ಸಮವಾದರೆ ಟೈಬ್ರೇಕ್. ಅದರಲ್ಲಿ ಹದಿನೈದು ಮೂವತ್ತರ ಗೋಜಿಲ್ಲ, ಒಂದು ಎರಡು ಮೂರು ಎಂದೇ ಎಣಿಕೆ, ಎರಡರ ಅಂತರದಲ್ಲಿ ಮೊದಲು ಏಳು ಮುಟ್ಟಿದವರಿಗೆ ಸೆಟ್. “ಇದು ನೆಟ್ಟಗಿರೋ ಲೆಕ್ಕ,” ಎಂದು ಅವಳು ಸಮಾಧಾನಪಟ್ಟಳು.

ಲೆಕ್ಕಕ್ಕಿಂತ ಕಷ್ಟವಾದದ್ದು ಗೆರೆ. ಕಬಡ್ಡಿಯಲ್ಲಿ ಗೆರೆ ತುಳಿದರೆ ಹೊರಗೆ. ಟೆನಿಸ್‌ನಲ್ಲಿ ಚೆಂಡು ಗೆರೆಗೆ ಒಂದಿಷ್ಟು ತಾಕಿದರೂ ಒಳಗೆ. ಸುಣ್ಣ ಎದ್ದದ್ದು ಕಣ್ಣಿಗೆ ಕಂಡರೂ ಹುಡುಗಿಯರು ಔಟ್ ಔಟ್ ಎಂದು ಕೂಗುತ್ತಿದ್ದರು. ಅದನ್ನು ಬಿಡಿಸಲು ತುಂಬ ದಿನ ಬೇಕಾಯಿತು.

ಇನ್ನೊಂದು ನಿಯಮವನ್ನೂ ಅದೇ ವಾರ ಓದಿ ಹೇಳಿದ್ದೆ. ಎದುರಾಳಿ ಹೊಡೆದ ಚೆಂಡು ನೆಲಕ್ಕೆ ಬೀಳುವ ಮುನ್ನ ನಮ್ಮ ಮೈಗೋ ಬಟ್ಟೆಗೋ ತಾಕಿದರೆ, ನಾವು ಅದನ್ನು ಕೈಯಲ್ಲಿ ಹಿಡಿದರೆ, ಪಾಯಿಂಟ್ ಎದುರಾಳಿಗೆ. ನಾವು ಅಂಗಳದ ಹೊರಗೆ ನಿಂತಿದ್ದರೂ ಅಷ್ಟೆ.

“ಹೊರಕ್ಕೋಗೋ ಚೆಂಡ್ ಹಿಡುದ್ರೂನಾ ಮಿಸ್? ಔಟು ಅಂತ ಕಾಣ್ತಾನೇ ಇರ್ತದಲ್ಲ.”

“ಕಂಡರೂ ಅಷ್ಟೆ. ಔಟು ಅನ್ನೋದನ್ನ ನೆಲ ಹೇಳಬೇಕು. ನೀನಲ್ಲ, ನಾನೂ ಅಲ್ಲ.”

ಅವರು ನಕ್ಕರು. ನಾನೂ ನಕ್ಕು ಮುಂದಿನ ನಿಯಮಕ್ಕೆ ಹೋದೆ.

ನಮ್ಮ ಅಂಗಳದ ಒಂದು ತುದಿಗೆ ಹಿಂದಿನ ಗೆರೆಯಿಂದ ನಾಲ್ಕು ಹೆಜ್ಜೆಗೆ ಮೋರಿ. ರೇಷ್ಮೆ ನೂಲು ಬಿಚ್ಚುವ ಮನೆಗಳಿಂದ ಗೂಡು ಬೇಯಿಸಿದ ನೀರೆಲ್ಲ ಅದರಲ್ಲೇ ಹರಿಯುತ್ತದೆ. ಅದರಲ್ಲಿ ಬಿದ್ದ ಚೆಂಡು ನೀರು ಕುಡಿದು ಊದಿಕೊಂಡು ಎರಡು ದಿನ ನಾರುತ್ತಿತ್ತು. ಒಣಗಿದ ಮೇಲೆ ನೆಲಕ್ಕೆ ಬಡಿದರೆ ಮೊಣಕಾಲಿನವರೆಗೂ ಏಳುತ್ತಿರಲಿಲ್ಲ. ನಮ್ಮ ಹತ್ತಿರ ಇದ್ದದ್ದೇ ಬೆರಳೆಣಿಕೆಯ ಚೆಂಡು. ಹಾಗಾಗಿ ಮೋರಿಯ ಕಡೆ ನಿಂತವರು ಉದ್ದಕ್ಕೆ ಹೋಗುವ ಚೆಂಡನ್ನು ಎಡಗೈಯಲ್ಲಿ ಹಿಡಿಯುವುದು ತಾನಾಗಿಯೇ ರೂಢಿಯಾಯಿತು. ಚೆಂಡು ಮೇಲೆದ್ದ ಕೂಡಲೇ ಎಲ್ಲರೂ “ಹಿಡ್ಕಳೇ” ಎಂದು ಕೂಗುವರು. ಅದರಲ್ಲಿ ನಮ್ಮ ಹುಡುಗಿಯನ್ನು ಮೀರಿಸಿದವರಿಲ್ಲ. ಬಲಗೈಯಲ್ಲಿ ರ‍್ಯಾಕೆಟ್, ಎಡಗೈ ಮೇಲಕ್ಕೆ ಹೋದರೆ ಚೆಂಡು ಅಲ್ಲಿರುತ್ತಿತ್ತು. ನೋಡಲು ಎಷ್ಟು ಚೆನ್ನಾಗಿತ್ತೆಂದರೆ ನಾನೇ ಎಷ್ಟೋ ಸಲ ಭೇಷ್ ಎಂದಿದ್ದೇನೆ. ಸಂಜೆ ಅಭ್ಯಾಸ ಮುಗಿದ ಮೇಲೆ ಚೀಲದಿಂದ ಸೀಬೆಹಣ್ಣು ತೆಗೆದು ಒಬ್ಬೊಬ್ಬರಿಗೂ ಎಸೆಯುತ್ತಿದ್ದೆ. ಅವಳಿಗೆ ಮಾತ್ರ ಬೇಕೆಂದೇ ಎತ್ತರಕ್ಕೆ, ಪಕ್ಕಕ್ಕೆ ಎಸೆಯುವೆ. ಒಂದು ದಿನವೂ ಅದು ನೆಲ ಮುಟ್ಟಲಿಲ್ಲ.

ಜಿಲ್ಲೆಯಲ್ಲಿ ಗೆದ್ದರೆ ವಿಭಾಗ ಮಟ್ಟ. ಅಲ್ಲಿ ಆಡಿಸಿ ನೋಡಿ ಕ್ರೀಡಾ ಹಾಸ್ಟೆಲಿಗೆ ಆರಿಸುತ್ತಾರೆ, ಅಲ್ಲಿದ್ದುಕೊಂಡೇ ಪಿಯುಸಿ ಓದಬಹುದು. ಈ ಸುದ್ದಿ ಕೇಳಿದ ದಿನದಿಂದ ಅವಳಿಗೆ ಬೇರೆ ಧ್ಯಾನವಿರಲಿಲ್ಲ. ಅಪ್ಪನನ್ನು ಒಪ್ಪಿಸಲು ನನ್ನನ್ನೇ ಮನೆಗೆ ಕರೆದುಕೊಂಡು ಹೋದಳು. ಅವರು ಬನಿಯನ್ನಿನ ಮೇಲೆ ಕೂತ ಮರದ ಹೊಟ್ಟನ್ನು ಕೊಡವುತ್ತಾ ಕೇಳಿಸಿಕೊಂಡರು.

“ಹಾಸ್ಟ್ಲು ಗೀಸ್ಟ್ಲು ನಮ್ಗೆ ಗೊತ್ತಿಲ್ಲ ಮೇಡಮ್ಮೋರೆ. ಜಿಲ್ಲೆಲಿ ಗೆದ್ದು ಬರ್ಲಿ, ಕಳುಸ್ತೀನಿ. ಗೆಲ್ನಿಲ್ಲ ಅಂದ್ರೆ ಇಲ್ಲೇ ಕಾಲೇಜೈತೆ, ಸೇರ್ಕಳ್ಲಿ. ಆಮೇಲೆ ಈ ಚೆಂಡಾಟ ಅಂತ ನನ್ತಾವ ಬರ್ಬಾರ್ದು.”

“ಗೆದ್ದೇ ಬತ್ತೀನಿ ಬುಡಪ್ಪ,” ಎಂದಳು ಅವಳು ಬಾಗಿಲ ಹಿಂದಿನಿಂದ.

ಹಾಗೆ ಮಾತಾಡಿದ ಮನುಷ್ಯನೇ ವಾರದೊಳಗೆ ಶಾಲೆಗೆ ಬಂದು ಒಂದು ಕೋಲು ಕೊಟ್ಟುಹೋದರು. ನೆಟ್ಟಿನ ಎತ್ತರ ಮಧ್ಯದಲ್ಲಿ ಸರಿಯಾಗಿ ಮೂರಡಿ ಇರಬೇಕು, ಎರಡು ಬದಿ ಅರ್ಧ ಅಡಿ ಹೆಚ್ಚು ಎಂದು ಮಗಳು ಹೇಳಿದ್ದಳಂತೆ. ಹಾಲೆಮರದ ಮೂರಡಿ ಕೋಲು, ಕೆಂಪು ಹಳದಿ ಅರಗಿನ ಪಟ್ಟೆ, ತೊಟ್ಟಿಲಿಗೆ ಕಟ್ಟುವ ಗಿಲಕಿಯ ಹಾಗೆ ಹೊಳೆಯುತ್ತಿತ್ತು. ಜಿಲ್ಲಾ ಕೂಟಕ್ಕೆ ಹೊರಟಾಗ ಅದನ್ನೂ ತೆಗೆದುಕೊಂಡು ಹೋದೆವು.

ಕೂಟ ನಡೆದದ್ದು ರಾಮನಗರದಲ್ಲಿ, ಒಂದು ಖಾಸಗಿ ಶಾಲೆಯ ಮಣ್ಣಿನ ಅಂಗಳದಲ್ಲಿ. ಟೆನಿಸಿಗೆ ಬಂದಿದ್ದವರು ನಾಲ್ಕೇ ಹುಡುಗಿಯರು. ರಾಮನಗರದವಳು ಅದೇ ಶಾಲೆಯವಳು, ಚಿಕ್ಕಂದಿನಿಂದ ಕಲಿತವಳು. ಕನಕಪುರದವಳು ಉದ್ದ ಜಡೆಯ ತೆಳ್ಳನೆಯ ಹುಡುಗಿ. ಮಾಗಡಿಯವಳನ್ನು ಕರೆತಂದಿದ್ದ ಮೇಷ್ಟ್ರು ಬಂದವರೇ ಕೈ ಮುಗಿದರು. “ನನ್ನ ಏನೂ ಕೇಳ್ಬೇಡಿ ಮೇಡಂ. ಗುಡೇಮಾರನಹಳ್ಳಿ ಬಸ್‌ನಲ್ಲಿ ಕೂತ್ಕೊಂಡು ಮೊಬೈಲ್ ನೋಡಿ ರೂಲ್ಸ್ ಕಲ್ತಿದೀನಿ. ಅದ್ರಲ್ಲೂ ಅರ್ಧಕ್ಕೇ ನೆಟ್‌ವರ್ಕ್ ಹೋಯ್ತು.”

ಬರಬೇಕಿದ್ದ ಅಂಪೈರ್ ಬರಲಿಲ್ಲ. ರಾಮನಗರದ ಮೇಷ್ಟ್ರೂ ನಾನೂ ಹಂಚಿಕೊಂಡೆವು. ನಮ್ಮ ಹುಡುಗಿ ಮಾಗಡಿಯವಳ ಜೊತೆ ಆಡುವಾಗ ಅವರು, ಅವರ ಹುಡುಗಿ ಕನಕಪುರದವಳ ಜೊತೆ ಆಡುವಾಗ ನಾನು. ಒಂದೇ ಸೆಟ್ಟಿನ ಆಟ. ಮೇಜಿನ ಮೇಲೆ ಕುರ್ಚಿ ಇಟ್ಟು, ಅದರ ಮೇಲೆ ಅಂಪೈರ್.

ನಮ್ಮವಳು ಆರು ಎರಡರಲ್ಲಿ ಸಲೀಸಾಗಿ ಗೆದ್ದಳು. ಆಮೇಲೆ ನನ್ನ ಸರದಿ. ಕನಕಪುರದ ಹುಡುಗಿ ಅಷ್ಟು ಚೆನ್ನಾಗಿ ಆಡುತ್ತಾಳೆಂದು ಯಾರೂ ಎಣಿಸಿರಲಿಲ್ಲ. ಐದು ಗೇಮ್ ಗೆದ್ದು, ಆರನೆಯದಕ್ಕೆ ಒಂದೇ ಪಾಯಿಂಟ್ ಬೇಕಿತ್ತು. ನೆಟ್ಟಿನ ಹತ್ತಿರ ಬಿದ್ದ ಚೆಂಡಿಗೆ ಓಡಿಬಂದು ಬಗ್ಗಿ ಮೆಲ್ಲಗೆ ಆಚೆ ದಾಟಿಸಿದಳು. ಎದುರಿನವಳಿಗೆ ಅದು ಸಿಗುವಂತಿರಲಿಲ್ಲ. ಆದರೆ ಬಗ್ಗಿದ ರಭಸಕ್ಕೆ ಅವಳ ಜಡೆ ಮುಂದಕ್ಕೆ ಬೀಸಿ, ತುದಿಯ ಟೇಪು ನೆಟ್ಟಿಗೆ ತಾಕಿತು. ಚೆಂಡು ಇನ್ನೂ ಗಾಳಿಯಲ್ಲಿತ್ತು. ಆಟ ನಡೆಯುತ್ತಿರುವಾಗ ಮೈಯಾಗಲಿ ತೊಟ್ಟದ್ದಾಗಲಿ ನೆಟ್ಟಿಗೆ ತಾಕಿದರೆ ಪಾಯಿಂಟ್ ಹೋಗುತ್ತದೆ. ನಾನು ಹಾಗೆಂದೆ.

“ಟೇಪು ಮಿಸ್, ನಾನಲ್ಲ,” ಎಂದಳು. ಕಣ್ಣು ತುಂಬಿತ್ತು.

“ಟೇಪಾದರೂ ಅಷ್ಟೇ ಕಣಮ್ಮ.”

ಆಮೇಲೆ ಅವಳ ಆಟ ಕಳಚಿಬಿತ್ತು. ಏಳು ಐದರಲ್ಲಿ ಸೋತಳು. ಮೇಜಿನಿಂದ ಇಳಿದು ನಿಯಮವನ್ನು ಫೋನಿನಲ್ಲಿ ತೋರಿಸಿ ಸಮಾಧಾನ ಹೇಳಲು ಹೋದೆ. ಓದಿದಳು, ತಲೆಯಾಡಿಸಿದಳು, ಜಡೆಯನ್ನು ಸುತ್ತಿ ಗಂಟುಹಾಕಿಕೊಂಡು ಬೇಲಿಯ ಪಕ್ಕ ಕೂತಳು. ಅವರ ಬಸ್ಸು ಸಂಜೆಗಿತ್ತು.

ಫೈನಲ್ ಚನ್ನಪಟ್ಟಣಕ್ಕೂ ರಾಮನಗರಕ್ಕೂ. ಕುರ್ಚಿಗೆ ಯಾರು ಹತ್ತುವುದು ಎಂಬ ಮಾತು ಬಂತು. ಮಾಗಡಿ ಮೇಷ್ಟ್ರನ್ನು ಹತ್ತಿಸಿ ಎಂದೆ. “ಅಯ್ಯೋ, ನಾನು ಬೇಕಾದ್ರೆ ಗೆರೆ ಕಾಯ್ತೀನಿ, ಅಲ್ಲಿ ಹತ್ಸಬೇಡಿ,” ಎಂದು ಅವರು ಹಿಂದೆ ಸರಿದರು. ರಾಮನಗರದ ಮೇಷ್ಟ್ರು ನಕ್ಕರು.

“ನೀವೇ ಕೂತ್ಕೊಳ್ಳಿ ಮೇಡಂ. ಬೆಳಗ್ಗೆ ನೋಡಿದೆನಲ್ಲ, ಟೇಪನ್ನೂ ಬಿಡೋರಲ್ಲ ನೀವು. ನಂಗೇನೂ ಯೋಚ್ನೆಯಿಲ್ಲ.”

ಹೊಗಳಿಕೆಗೆ ಉಬ್ಬಿದೆನೋ, ಬೇರೆ ದಾರಿಯಿರಲಿಲ್ಲವೋ, ಅಂತೂ ಹತ್ತಿ ಕೂತೆ. ನಮ್ಮ ಹುಡುಗಿಯ ಅಪ್ಪ ಕೆಲಸ ಬಿಟ್ಟು ಮಧ್ಯಾಹ್ನದ ರೈಲಿಗೆ ಬಂದಿದ್ದರು. ತಾನು ಮಾಡಿದ ಕೋಲನ್ನು ನೆಟ್ಟಿನ ನಡುವೆ ನಿಲ್ಲಿಸಿ, ತಲೆ ವಾರೆ ಮಾಡಿ ನೋಡಿ, “ಒಸಿ ಸಡ್ಲ ಬುಡಿ,” ಎಂದು ನೆಟ್ಟಿನ ಹಗ್ಗ ಸಡಿಲ ಮಾಡಿಸಿದರು.

ಆ ಆಟವನ್ನು ಪೂರ್ತಿ ವರ್ಣಿಸುವ ಶಕ್ತಿ ನನಗಿಲ್ಲ. ರಾಮನಗರದ ಹುಡುಗಿಯ ಹೊಡೆತದಲ್ಲಿ ವರ್ಷಗಳ ಕಲಿಕೆಯಿತ್ತು. ನಮ್ಮವಳ ಹತ್ತಿರ ಇದ್ದದ್ದು ಕಾಲು ಮತ್ತು ತಾಳ್ಮೆ. ಎಲ್ಲ ಚೆಂಡಿಗೂ ಓಡಿದಳು. ಒಂದು ಗೇಮ್ ಹಿಂದೆ ಬೀಳುವಳು, ಸಮ ಮಾಡುವಳು. ಮಾಗಡಿ ಮೇಷ್ಟ್ರು ಗೆರೆಗೆ ತಾಕಿದ ಚೆಂಡನ್ನು ಔಟ್ ಎಂದು ಎರಡು ಸಲ ಕೈ ಎತ್ತಿದರು. ಎರಡು ಸಲವೂ ನಾನು ಮೇಲಿನಿಂದ ತಿದ್ದಿದೆ. ಆರಕ್ಕೆ ಆರು ಸಮವಾಗಿ ಟೈಬ್ರೇಕ್ ಶುರುವಾಯಿತು. ಮೊದಲ ಸರ್ವಿಸ್ ನಮ್ಮವಳದು, ಆಮೇಲೆ ಇಬ್ಬರಿಗೂ ಎರಡೆರಡರಂತೆ. ನನ್ನ ದನಿ ನನಗೇ ಬೇರೆಯವರದ್ದೆನಿಸುತ್ತಿತ್ತು. ಎರಡು ಒಂದು. ನಾಲ್ಕು ನಾಲ್ಕು. ಐದು ಐದು. ಆರು ಐದು.

ಆರು ನಮ್ಮವಳದು. ಇನ್ನೊಂದು ಪಾಯಿಂಟ್, ಅದೂ ಅವಳದೇ ಸರ್ವಿಸ್.

ಸರ್ವಿಸ್ ಚೆನ್ನಾಗಿ ಬಿತ್ತು. ಎದುರಿನವಳು ಕಷ್ಟಪಟ್ಟು ರ‍್ಯಾಕೆಟ್ ಒಡ್ಡಿದಳು. ಚೆಂಡು ಎತ್ತರಕ್ಕೆ, ಉದ್ದಕ್ಕೆ ಎದ್ದಿತು. ಅದು ಹೊರಗೆ ಬೀಳುತ್ತದೆಂದು ಅಂಗಳದ ಸುತ್ತ ಇದ್ದವರಿಗೆಲ್ಲ ಗೊತ್ತಾಯಿತು. ನಮ್ಮ ಹುಡುಗಿಗೂ ಗೊತ್ತಾಯಿತು. ನಗುತ್ತಾ ಎರಡು ಹೆಜ್ಜೆ ಹಿಂದಕ್ಕೆ ಹೋದಳು, ಗೆರೆಯಿಂದ ತುಂಬ ಆಚೆಗೆ. ಅವಳ ಎಡಗೈ ಮೇಲಕ್ಕೆ ಹೋಯಿತು. ಅಲ್ಲಿ ಮೋರಿ ಇರಲಿಲ್ಲ. ಬೇಡ ಮಗಾ ಎಂದು ಕೂಗಬೇಕೆನಿಸಿತು, ಆದರೆ ಕುರ್ಚಿಯ ಮೇಲೆ ಕೂತವಳು ಕೂಗುವಂತಿಲ್ಲ. ಚೆಂಡು ಅವಳ ಅಂಗೈಯಲ್ಲಿ ಕೂತಿತು.

ಚಪ್ಪಾಳೆ ಬಿತ್ತು. ಅವಳ ಅಪ್ಪ ಕೋಲು ಹಿಡಿದ ಕೈಯನ್ನೇ ಮೇಲೆತ್ತಿದರು. ರಾಮನಗರದ ಹುಡುಗಿ ತಲೆ ತಗ್ಗಿಸಿ, ಕೈ ಕುಲುಕಲು ನೆಟ್ಟಿನ ಕಡೆ ನಡೆದು ಬರುತ್ತಿದ್ದಳು. ಅವಳ ಮೇಷ್ಟ್ರು ಆಗಲೇ ನೀರಿನ ಬಾಟಲಿಯ ಮುಚ್ಚಳ ತೆಗೆಯುತ್ತಿದ್ದರು. ಯಾರೂ ಏನೂ ಕೇಳಲಿಲ್ಲ. ಅಲ್ಲಿದ್ದ ಒಬ್ಬರಿಗೂ ಆ ನಿಯಮ ಹೊಳೆದಿರಲಿಲ್ಲ. ನಾನು “ಗೇಮ್, ಸೆಟ್” ಎಂದುಬಿಟ್ಟಿದ್ದರೆ ಮುಗಿದಿತ್ತು.

ಬೇಲಿಯ ಪಕ್ಕ ಕನಕಪುರದ ಹುಡುಗಿ ಎದ್ದು ನಿಂತು ಉಳಿದವರ ಜೊತೆ ಚಪ್ಪಾಳೆ ತಟ್ಟುತ್ತಿದ್ದಳು. ಅವಳ ಜಡೆ ಇನ್ನೂ ಗಂಟು ಹಾಕಿಕೊಂಡೇ ಇತ್ತು. ಒಂದು ಟೇಪಿಗೆ ಬೆಳಗ್ಗೆ ಅವಳ ಗೆಲುವನ್ನು ಕಿತ್ತುಕೊಂಡು, ನನ್ನವಳ ಕೈಗೆ ಮಧ್ಯಾಹ್ನ ಕಣ್ಣು ಮುಚ್ಚುವುದು ನನ್ನಿಂದ ಆಗಲಿಲ್ಲ.

“ಪಾಯಿಂಟ್ ರಾಮನಗರ. ಆರು ಆರು. ಬದಿ ಬದಲಿಸಿ.”

ರಾಮನಗರದ ಮೇಷ್ಟ್ರು ಓಡಿಬಂದರು. “ಔಟಲ್ವಾ ಮೇಡಂ ಅದು?”

“ಬಿದ್ದಿದ್ದರೆ ಔಟು. ಬೀಳೋಕೆ ಮುಂಚೆ ಹಿಡಿದಳು.”

“ಹಂಗೂ ಒಂದು ರೂಲ್ ಇದ್ಯಾ? ನಮ್ಮ ಹುಡ್ಗೀದೇನೂ ತಕರಾರಿಲ್ಲ ಮೇಡಂ.”

ಮಾಗಡಿ ಮೇಷ್ಟ್ರು ಮೇಜಿನ ಕಾಲು ಹಿಡಿದುಕೊಂಡು ಮೆಲ್ಲಗೆ ಹೇಳಿದರು: “ಆ ಒಂದು ಪಾಯಿಂಟ್ ಮತ್ತೆ ಆಡ್ಸಿಬಿಡಿ ಮೇಡಂ. ಯಾರ್ಗೂ ಬೇಜಾರಾಗಲ್ಲ.”

ಹಾಗೆ ಆಡಿಸಲು ನಿಯಮದಲ್ಲಿ ಜಾಗವಿಲ್ಲ. ಜಾಗವಿದ್ದಿದ್ದರೆ ನಾನು ಅವರ ಕಾಲಿಗೆ ಬೀಳುತ್ತಿದ್ದೆ. ಆಗುವುದಿಲ್ಲ ಎಂದೆ.

ಟೈಬ್ರೇಕಿನಲ್ಲಿ ಆರು ಪಾಯಿಂಟಿಗೊಮ್ಮೆ ಆಟಗಾರರು ಬದಿ ಬದಲಿಸಬೇಕು. ಆರು ಆರಕ್ಕೆ ಸರಿಯಾಗಿ ಹನ್ನೆರಡು. ಹಾಗಾಗಿ ನಮ್ಮ ಹುಡುಗಿ ನನ್ನ ಮೇಜಿನ ಪಕ್ಕದಲ್ಲೇ ದಾಟಿಹೋಗಬೇಕಾಯಿತು. ಎಡಗೈಯನ್ನೇ ನೋಡಿಕೊಳ್ಳುತ್ತಾ ಬಂದಳು. ಜಗಳವಾಡಿದ್ದರೆ, ಬೈದಿದ್ದರೆ ನನಗೆ ಒಳ್ಳೆಯದಿತ್ತು. ಅವಳಿಗೆ ನಿಯಮ ನೆನಪಿತ್ತು, ಅದು ಅವಳ ಮುಖದ ಮೇಲೇ ಇತ್ತು.

ಎರಡು ಸರ್ವಿಸೂ ನೆಟ್ಟಿಗೆ ಬಡಿದವು. ಆರು ಏಳು. ಮುಂದಿನ ಸರ್ವಿಸ್ ರಾಮನಗರದವಳದು. ನಮ್ಮವಳು ಹಿಂದಕ್ಕೆ ಕಳುಹಿಸಿದ್ದು ಪಕ್ಕದ ಗೆರೆಯಿಂದ ಅಂಗೈಯಷ್ಟು ಆಚೆ ಬಿತ್ತು. ಆರು ಎಂಟು ಎಂದು ಹೇಳಿದ್ದು ನಾನೇ.

ವಾಪಸ್ಸು ಬಸ್ಸಿನಲ್ಲಿ ಅವಳು ಕಿಟಕಿಯ ಕಡೆ ತಿರುಗಿ ಕೂತಳು. ಅಪ್ಪ ನನ್ನ ಪಕ್ಕದ ಸೀಟಿನಲ್ಲಿ, ಕೋಲನ್ನು ಮೊಣಕಾಲ ನಡುವೆ ನಿಲ್ಲಿಸಿಕೊಂಡು. ಊರು ಹತ್ತಿರವಾದಾಗ ಒಂದೇ ಮಾತು ಕೇಳಿದರು.

“ಯಾರೂ ಕೇಳ್ನಿಲ್ವಲ್ಲ ಮೇಡಮ್ಮೋರೆ. ನೀವು ಸುಮ್ಕಿದ್ರೆ ಆಗ್ತಿರ್ನಿಲ್ವಾ?”

ಇಳಿಯುವಾಗ ಕೋಲನ್ನು ಸೀಟಿನ ಮೇಲೇ ಬಿಟ್ಟುಹೋದರು. ನಾನು ತಂದು ಆಟದ ಸಾಮಾನಿನ ಕೋಣೆಯಲ್ಲಿ ಇಟ್ಟೆ.

ಅವಳು ಮತ್ತೆ ಅಂಗಳಕ್ಕೆ ಬರಲಿಲ್ಲ. ಪರೀಕ್ಷೆ ಹತ್ತಿರ ಬಂತು ಮಿಸ್ ಎಂದಳು. ಕಾರಿಡಾರಿನಲ್ಲಿ ಎದುರಾದರೆ ನಮಸ್ತೆ ಹೇಳುವಳು, ಮೊದಲಿಗಿಂತ ಹೆಚ್ಚು ಮರ್ಯಾದೆಯಿಂದ. ಆ ಮರ್ಯಾದೆ ನನ್ನನ್ನು ತಿಂದುಹಾಕಿತು. ರಾತ್ರಿ ಊಟಕ್ಕೆ ಕೂತರೂ ಆ ಎಡಗೈ ಕಣ್ಣಮುಂದೆ ಬರುತ್ತಿತ್ತು. ಸರಿಯಾದದ್ದನ್ನೇ ಮಾಡಿದೆ ಎಂದು ಎಷ್ಟು ಹೇಳಿಕೊಂಡರೂ ಎದೆಯ ನೋವು ಕಡಿಮೆಯಾಗಲಿಲ್ಲ.

ಫಲಿತಾಂಶ ಬಂದ ಮೇಲೆ ಟಿಸಿ ತೆಗೆದುಕೊಳ್ಳಲು ಬಂದಳು. ಒಳ್ಳೆಯ ಅಂಕ ಬಂದಿತ್ತು. ಇಲ್ಲಿಯ ಕಾಲೇಜಿಗೇ ಅರ್ಜಿ ಹಾಕಿದ್ದಳು. ನಾನು ಸಾಮಾನಿನ ಕೋಣೆಯ ಬಾಗಿಲಲ್ಲಿ ವಾಲಿಬಾಲ್‌ಗಳಿಗೆ ಗಾಳಿ ತುಂಬಿಸುತ್ತಿದ್ದೆ. ಅವಳು ಒಳಗೆ ಬರದೆ ಮೆಟ್ಟಿಲ ಕೆಳಗೇ ನಿಂತಳು. ನನ್ನ ಚೀಲದಲ್ಲಿ ಸೀಬೆಹಣ್ಣಿತ್ತು. ಹಳೆಯ ಅಭ್ಯಾಸ, ತೆಗೆದು ಅವಳ ಕಡೆ ಎಸೆದೆ. ಎತ್ತರಕ್ಕೆ, ಪಕ್ಕಕ್ಕೆ ಅಲ್ಲ, ಸೀದಾ ಕೈಗೆ ಬರುವಂತೆ.

ಅವಳ ಎಡಗೈ ಒಂದಿಷ್ಟು ಮೇಲೆದ್ದು ಅಲ್ಲೇ ನಿಂತಿತು. ಹಣ್ಣು ಅವಳ ಮುಂದೆ ಮಣ್ಣಿಗೆ ಬಿತ್ತು.

ಬಗ್ಗಿ ಎತ್ತಿಕೊಂಡಳು. ವೇಲಿನಲ್ಲಿ ಒರೆಸಿದಳು. ನನ್ನನ್ನು ನೋಡಿದಳು, ಆ ದಿನದ ನಂತರ ಮೊದಲ ಸಲ ನೇರವಾಗಿ.

“ಬೀಳ್ಲಿ ಅಂತ ಬುಟ್ಟೆ ಮಿಸ್. ಬಿದ್ಮೇಲೆ ಔಟು ತಾನೆ?”

“ಹೌದು ಮಗಾ,” ಎಂದೆ. “ಔಟು.”